ಪಿಕಪ್ ಬರುತ್ತೆ ಅಂತ ಕಾರಿನ ಕ್ಯಾಟ್ ಕಳಚಿಸಬೇಡಿ

ಬಳ್ಳಾರಿ ಕಡೆ ಐದಾರು ವರ್ಷ ಹಳೆಯ ಪೆಟ್ರೋಲ್ ಕಾರು ಇಟ್ಟುಕೊಂಡಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. "ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಿಬಿಡಿ, ಗಾಡಿ ಹಾರುತ್ತೆ" ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಿಕೊಳ್ಳಬೇಡಿ. ಕ್ಯಾಟ್ ಅಂದರೆ ಇದೇ, ಎಂಜಿನ್ ಹೊಗೆ ಹೊರಗೆ ಹೋಗುವ ಪೈಪಿನ ದಾರಿಯಲ್ಲಿ ಕೂತು ಹೊಗೆಯ ವಿಷ ಕಡಿಮೆ ಮಾಡುವ ಡಬ್ಬಿ. ನಾನು ಒಪ್ಪಿಕೊಂಡೆ. ಹುಲಿಗಿಗೆ ಹೋಗುವ ದಾರಿಯಲ್ಲಿ ನಮ್ಮ ಅವ್ವ ಹಿಂದಿನ ಸೀಟಿನಲ್ಲಿ ತಲೆ ಎತ್ತಲಾರದೆ ಒರಗಿದ್ದು ಇವತ್ತಿಗೂ ಕಣ್ಣ ಮುಂದೆ ಇದೆ.

ನನ್ನದು 2018ರ ಗಾಡಿ. 1.2 ಲೀಟರ್ ಪೆಟ್ರೋಲ್, ಬಿಎಸ್ 4 ಅನ್ನುವ ಹೊಗೆ ನಿಯಮದ್ದು. ಕೆಲಸದ ಮೇಲೆ ವಾರಕ್ಕೆ ಮೂರ್ನಾಲ್ಕು ಸಲ ತೋರಣಗಲ್ಲು, ಸಂಡೂರು ಓಡಾಟ. ಹೋದ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಪಿಕಪ್ ಬಿದ್ದುಹೋಯಿತು. ಆಕ್ಸಿಲರೇಟರ್ ಒತ್ತಿದರೆ ಜಗ್ಗಿದ ಹಾಗೆ ಆಗುತ್ತಿತ್ತು. ಲಾರಿ ಹಿಂದಿಕ್ಕಲು ಧೈರ್ಯ ಸಾಲುತ್ತಿರಲಿಲ್ಲ. ಮೀಟರ್ ಬೋರ್ಡ್‌ನಲ್ಲಿ ಎಂಜಿನ್ ಲೈಟ್ ಆಗಾಗ ಬಂದು ಹೋಗುತ್ತಿತ್ತು.

ಗೆಳೆಯರೊಬ್ಬರು ಹೇಳಿದ ಗ್ಯಾರೇಜಿಗೆ ಹೋದೆ. ಅಲ್ಲಿಯವರು ಸ್ಕ್ಯಾನರ್ ಹಾಕಲಿಲ್ಲ, ಬಾನೆಟ್ ಕೂಡ ಸರಿಯಾಗಿ ನೋಡಲಿಲ್ಲ. "ಅಣ್ಣಾ, ನಿಮ್ಮ ಕ್ಯಾಟ್ ಬ್ಲಾಕ್ ಆಗೈತೆ. ತೆಗೆದು ಪೈಪ್ ಕೂರಿಸ್ತೀನಿ. ಹೊಸಾ ಗಾಡಿ ಆದಂಗೆ ಆಗ್ತೈತೆ, ನೋಡ್ರಿ" ಅಂದರು. ಪೈಪು, ವೆಲ್ಡಿಂಗ್, ಕೂಲಿ ಎಲ್ಲ ಸೇರಿ 6,500 ರೂಪಾಯಿ. ಹಳೆಯ ಕ್ಯಾಟ್ ಅವರೇ ಇಟ್ಟುಕೊಂಡರೆ ಅದರಲ್ಲಿ 2,000 ಕಡಿಮೆ. ನನಗೆ ಅದು ಲಾಭ ಅನ್ನಿಸಿತು. ಆ ಡಬ್ಬಿಯೊಳಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಇರುತ್ತದೆ, ಗುಜರಿಯಲ್ಲೂ ಅದಕ್ಕೆ ಒಳ್ಳೆಯ ಬೆಲೆ ಇದೆ ಅಂತ ನನಗೆ ಆಮೇಲೆ ಗೊತ್ತಾಯಿತು.

ಮೊದಲ ದಿನ ಗಾಡಿ ನಿಜವಾಗಿಯೂ ಜೋರಾಗಿದೆ ಅನ್ನಿಸಿತು. ಜೋರಾಗಿದ್ದದ್ದು ಸದ್ದು ಮಾತ್ರ. ಸಂಡೂರಿನ ಕುಮಾರಸ್ವಾಮಿ ಗುಡಿಗೆ ಹೋಗುವಾಗ ಏರಿನಲ್ಲಿ ಗೊತ್ತಾಯಿತು. ಮೊದಲು ಎಲ್ಲಿ ಎರಡನೇ ಗೇರಿಗೆ ಇಳಿಸುತ್ತಿದ್ದೆನೋ ಈಗಲೂ ಅಲ್ಲೇ ಇಳಿಸಬೇಕಾಯಿತು. ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಇನ್ನೂ ಕಡಿಮೆ ಆಗಿತ್ತು. ಟರ್ಬೊ ಇಲ್ಲದ ಸಣ್ಣ ಎಂಜಿನ್ನಿನಲ್ಲಿ ಕ್ಯಾಟ್ ತೆಗೆದರೆ ಸಿಗುವ ಪವರ್ ಬಹಳ ಕಡಿಮೆ. ಕಾರಿನ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಆ ಕ್ಯಾಟ್ ಇದೆ ಅಂದುಕೊಂಡೇ ಪೆಟ್ರೋಲ್ ಅಳೆದು ಬಿಡುತ್ತದೆ. ಹಳೆಯ ಅಂಬಾಸಿಡರ್‌ಗೆ ಕ್ಯಾಟ್ ಇತ್ತಾ ಅಂತ ಕೆಲವರು ಕೇಳುತ್ತಾರೆ. ಇರಲಿಲ್ಲ. ಅದು ಕಾರ್ಬುರೇಟರ್ ಗಾಡಿ, ಅದರ ಲೆಕ್ಕ ಬೇರೆ.

ವಾರದೊಳಗೆ ಎಂಜಿನ್ ಲೈಟ್ ಪೂರ್ತಿ ಹತ್ತಿಕೊಂಡಿತು. ಕ್ಯಾಟ್‌ನ ಮುಂದೆ ಒಂದು, ಹಿಂದೆ ಒಂದು ಆಕ್ಸಿಜನ್ ಸೆನ್ಸರ್ ಇರುತ್ತದೆ. ಎರಡರ ರೀಡಿಂಗ್ ಹೋಲಿಸಿ, ಕ್ಯಾಟ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ಇಸಿಯು ತಿಳಿದುಕೊಳ್ಳುತ್ತದೆ. ಕ್ಯಾಟ್ ಇಲ್ಲದಿದ್ದರೆ ಪಿ 0420 ಅನ್ನುವ ಕೋಡ್ ಬರುತ್ತದೆ. ಮತ್ತೆ ಅದೇ ಗ್ಯಾರೇಜಿಗೆ ಹೋದೆ. ಹಿಂದಿನ ಸೆನ್ಸರ್ ಬಿಚ್ಚಿ, ಅದನ್ನು ಹೊಗೆಯಿಂದ ಸ್ವಲ್ಪ ದೂರ ಇಡುವ ಒಂದು ಸ್ಪೇಸರ್ ಹಾಕಿ ಕಳಿಸಿದರು. ಲೈಟ್ ಆರಿತು. ಎಂಟು ದಿನಕ್ಕೆ ಮತ್ತೆ ಬಂತು. "ಸೆನ್ಸರ್ ಗಾಡಿ ಅಲ್ವಾ ಅಣ್ಣಾ, ಹಂಗೇ ಬರ್ತಿರ್ತೈತೆ, ಓಡಿಸ್ರಿ" ಅಂದರು. ನಾನೂ ಸುಮ್ನಾದೆ.

ಹುಣ್ಣಿಮೆಗೆ ಅವ್ವನನ್ನು ಹುಲಿಗೆಮ್ಮನ ಗುಡಿಗೆ ಕರೆದುಕೊಂಡು ಹೊರಟೆ. ಹಿಂದಿನ ಸೀಟಿನಲ್ಲಿ ಅವ್ವ, ನನ್ನ ಮಗಳು. ಬಳ್ಳಾರಿಯಿಂದ ಹೊಸಪೇಟೆವರೆಗಿನ ರಸ್ತೆ ನಿಮಗೆಲ್ಲ ಗೊತ್ತಿರುವುದೇ. ಕುಡತಿನಿ ದಾಟಿದರೆ ಸಾಲು ಸಾಲು ಅದಿರು ಲಾರಿ, ಮುಖಕ್ಕೆ ಕೆಂಪು ಧೂಳು. ನಾಲ್ಕೂ ಗ್ಲಾಸ್ ಏರಿಸಿ ಎಸಿ ಹಾಕಿದೆ. ತೋರಣಗಲ್ಲು ಹತ್ತಿರ ಲಾರಿಗಳ ಹಿಂದೆ ಸಿಕ್ಕಿಕೊಂಡು ಸುಮಾರು ಹೊತ್ತು ತೆವಳುತ್ತಾ ಹೋದೆವು. ಒಳಗೆ ಹಸಿ ಪೆಟ್ರೋಲ್ ಸುಟ್ಟ ಹಾಗೆ ಕಣ್ಣು ಉರಿಸುವ ವಾಸನೆ. ಮುಂದಿನ ಲಾರಿಯದು ಅಂದುಕೊಂಡೆ.

ಗಾದಿಗನೂರು ಬರುವ ಹೊತ್ತಿಗೆ ಮಗಳು ವಾಂತಿ ಬರುತ್ತೆ ಅಂದಳು. ಅವ್ವ, "ತಲೆ ಹಿಡಿದಂಗೆ ಆಗೈತಪ್ಪಾ" ಅಂದದ್ದು ಕೇಳಿಸಿತು. ಆಮೇಲೆ ಮಾತಿಲ್ಲ. ಕನ್ನಡಿಯಲ್ಲಿ ನೋಡಿದರೆ ಕುತ್ತಿಗೆ ವಾಲಿಸಿಕೊಂಡು ಕಣ್ಣು ಮುಚ್ಚಿದ್ದಾಳೆ. ಕರೆದರೆ "ಹೂಂ" ಅನ್ನುತ್ತಾಳೆ, ಕಣ್ಣು ತೆರೆಯುತ್ತಿಲ್ಲ. ಗಾಡಿ ಬದಿಗೆ ಹಾಕಿ ನಾಲ್ಕೂ ಬಾಗಿಲು ತೆಗೆದೆ. ಅವ್ವನನ್ನು ಎತ್ತಿ ಬೇವಿನ ಮರದ ಕೆಳಗೆ ಕೂರಿಸಿದೆ. ಅರ್ಧ ಗಂಟೆ ಆದ ಮೇಲೆ ನೀರು ಕೇಳಿದಳು. ಗ್ಲಾಸ್ ಇಳಿಸಿಕೊಂಡೇ ಹೊಸಪೇಟೆಗೆ ಹೋಗಿ ಡಾಕ್ಟರ್ ಹತ್ತಿರ ತೋರಿಸಿದೆ. ಅವರು ಮೊದಲು ಕೇಳಿದ್ದು ಬಿಪಿ ಶುಗರ್ ಅಲ್ಲ. "ಕಾರಿನೊಳಗೆ ಹೊಗೆ ಬರುತ್ತಿತ್ತಾ?" ಅಂತ ಕೇಳಿದರು.

ಅವರ ಅನುಮಾನ ಎಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿಯ ಮೇಲೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನನಗೆ ಬಂದ ವಾಸನೆ ಅರ್ಧಂಬರ್ಧ ಸುಟ್ಟ ಪೆಟ್ರೋಲಿನದು. ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ಆಮೇಲೆ ಮಂಪರು. ಎಚ್ಚರ ತಪ್ಪಿದರೆ ಪ್ರಾಣಕ್ಕೇ ಅಪಾಯ. ಎಂಜಿನ್ನಿನಿಂದ ಬರುವ ಈ ಗಾಳಿಯನ್ನು ಹೊರಗೆ ಬಿಡುವ ಮೊದಲು ಸುಟ್ಟು ಕಾರ್ಬನ್ ಡೈಆಕ್ಸೈಡ್ ಮಾಡುವುದೇ ಕ್ಯಾಟ್‌ನ ಕೆಲಸ. ಜೇನುಗೂಡಿನಂಥ ಪಿಂಗಾಣಿ ತೂತುಗಳ ಮೇಲೆ ಆ ದುಬಾರಿ ಲೋಹಗಳ ಲೇಪ ಇರುತ್ತದೆ. 300 ಡಿಗ್ರಿ ಹತ್ತಿರ ಕಾದ ಮೇಲೆ ಅದು ಕೆಲಸ ಶುರು ಮಾಡುತ್ತದೆ. ನಾನು ಅದನ್ನೇ ಕಳಚಿಸಿ, ಅವ್ವನನ್ನೂ ಮಗಳನ್ನೂ ಗ್ಲಾಸ್ ಮುಚ್ಚಿದ ಗಾಡಿಯಲ್ಲಿ ಕೂರಿಸಿದ್ದೆ.

ಮರುದಿನ ಕೌಲ್ ಬಜಾರಿನ ಹಿರಿಯ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆ. ಗಾಡಿಯನ್ನು ಎತ್ತಿಸಿ ನೋಡಿದರು. ಹೊಸ ಪೈಪಿನ ವೆಲ್ಡಿಂಗ್ ಬಿರುಕು ಬಿಟ್ಟಿತ್ತು. ಗೇರ್ ಕೇಬಲ್ ಒಳಗೆ ಬರುವ ಜಾಗದ ರಬ್ಬರ್ ಹರಿದಿತ್ತು. ಹೊಗೆ ನೇರ ಒಳಗೆ ಬರುತ್ತಿತ್ತು.

ಆಮೇಲೆ ಅವರು ಸ್ಕ್ಯಾನರ್ ಹಾಕಿದರು. ಬಂದದ್ದು ಪಿ 0303. ಅಂದರೆ ಮೂರನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ, ಅದರಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ಇಗ್ನಿಷನ್ ಕಾಯಿಲ್ ಹೋಗಿತ್ತು, ಪ್ಲಗ್‌ಗಳು ಸವೆದಿದ್ದವು. ಏರ್ ಫಿಲ್ಟರ್ ಬಿಚ್ಚಿ ನೆಲಕ್ಕೆ ಕುಟ್ಟಿದರು, ಒಂದು ಹಿಡಿ ಕೆಂಪು ಮಣ್ಣು ಉದುರಿತು. ಕಾಯಿಲ್, ನಾಲ್ಕು ಪ್ಲಗ್, ಫಿಲ್ಟರ್ ಸೇರಿ 3,400 ರೂಪಾಯಿ. ಅಷ್ಟಕ್ಕೇ ನನ್ನ ಪಿಕಪ್ ವಾಪಸ್ ಬಂತು. ಕ್ಯಾಟ್‌ಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಎಂಜಿನ್ ಸರಿ ಹೋದ ಮೇಲೂ ಎಮಿಷನ್ ಟೆಸ್ಟ್‌ನಲ್ಲಿ ಗಾಡಿ ಫೇಲಾಯಿತು. ಬಿಎಸ್ 4 ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ 0.3 ಪರ್ಸೆಂಟ್ ದಾಟುವ ಹಾಗಿಲ್ಲ. ನನ್ನದು 0.9 ಬಂತು. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯ 190(2)ರಲ್ಲಿ ಇದಕ್ಕೆ 10,000 ರೂಪಾಯಿವರೆಗೆ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಇದೆ. ಮೂರು ತಿಂಗಳು ಲೈಸೆನ್ಸೂ ಹೋಗುತ್ತದೆ. ಮೊದಲಿನ ಗ್ಯಾರೇಜಿನವರನ್ನು ಹಳೆಯ ಕ್ಯಾಟ್ ವಾಪಸ್ ಕೇಳಿದರೆ ಗುಜರಿಗೆ ಹೋಯ್ತು ಅಂದರು. ಹೊಸದನ್ನು ಮ್ಯಾನಿಫೋಲ್ಡ್ ಸಮೇತ ತರಿಸಿ ಹಾಕಿಸಲು 41,000 ಆಯಿತು. ಈ ದುಡ್ಡು ಅವ್ವನ ಕಣ್ಣಿನ ಆಪರೇಷನ್‌ಗೆ ಇಟ್ಟದ್ದು.

ನಿಮ್ಮ ಗಾಡಿ ಜಗ್ಗುತ್ತಿದ್ದರೆ ಮೊದಲು ಏರ್ ಫಿಲ್ಟರ್ ನೋಡಿಸಿ. ನಮ್ಮ ಕಡೆಯ ಧೂಳಿಗೆ ಕಂಪನಿ ಪುಸ್ತಕದಲ್ಲಿ ಹೇಳಿದ ಕಿಲೋಮೀಟರ್‌ವರೆಗೆ ಕಾಯಬೇಡಿ. ಸ್ಕ್ಯಾನರ್ ಹಾಕಿಸಿ, ಕೋಡ್ ಏನು ಬಂತು ಅಂತ ನೀವೇ ಬರೆದುಕೊಳ್ಳಿ. ಕ್ಯಾಟ್ ಕಟ್ಟಿಕೊಂಡಿದೆ ಅಂದರೆ ತೋರಿಸಿ ಅನ್ನಿ. ಮುಂದಿನ ಸೆನ್ಸರ್ ಬಿಚ್ಚಿ ಆ ತೂತಿಗೆ ಪ್ರೆಶರ್ ಗೇಜ್ ಹಾಕಿದರೆ ಗೊತ್ತಾಗುತ್ತದೆ. 2,500 ಆರ್‌ಪಿಎಂನಲ್ಲಿ ಒತ್ತಡ 3 ಪಿಎಸ್‌ಐ ಒಳಗಿದ್ದರೆ ಅದು ಕಟ್ಟಿಕೊಂಡಿಲ್ಲ. ನಿಜವಾಗಿಯೂ ಕಟ್ಟಿಕೊಂಡಿದ್ದರೆ ಕಾರಣ ಹುಡುಕಿಸಿ. ಎಂಜಿನ್ ಮಿಸ್ ಹೊಡೆದು ಸುಡದ ಪೆಟ್ರೋಲ್ ಕ್ಯಾಟ್‌ಗೆ ಹೋದರೂ ಅದು ಕೆಡುತ್ತದೆ, ಎಂಜಿನ್ ಆಯಿಲ್ ಕುಡಿಯುತ್ತಿದ್ದರೂ ಕೆಡುತ್ತದೆ. ಅದನ್ನು ಸರಿ ಮಾಡದೆ ಹೊಸ ಕ್ಯಾಟ್ ಹಾಕಿಸಿದರೆ ಅದೂ ಉಳಿಯುವುದಿಲ್ಲ.

ಈಗಾಗಲೇ ಕಳಚಿಸಿದ್ದರೆ ಇವತ್ತೇ ಒಂದು ಕೆಲಸ ಮಾಡಿ. ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಬಯಲಲ್ಲಿ ಸ್ಟಾರ್ಟ್ ಮಾಡಿ, ಬಾನೆಟ್ ಎತ್ತಿ ಕೇಳಿ. ಟಿಕ್ ಟಿಕ್ ಸದ್ದು ಬಂದರೆ, ಜಾಯಿಂಟ್ ಸುತ್ತ ಕಪ್ಪು ಮಸಿ ಕಂಡರೆ, ಹೊಗೆ ಅಲ್ಲಿಂದ ಸೋರುತ್ತಿರಬಹುದು. ಅದು ಸರಿ ಆಗುವವರೆಗೆ ಆ ಗಾಡಿಯಲ್ಲಿ ಮಕ್ಕಳನ್ನು, ವಯಸ್ಸಾದವರನ್ನು ಕೂರಿಸಬೇಡಿ.