ಫೈರ್‌ವಾಲ್ ಹಾಕಿಸಿಕೊಂಡು ಬಾಗಿಲು ತೆರೆದಿಟ್ಟ ಕತೆ

ಮುಂಬಯಿಯ ಮಾಟುಂಗಾದ ಒಂದು ಹೋಟೆಲಿನ ಜೂನ್, ಜುಲೈ ತಿಂಗಳ ಲೆಕ್ಕವನ್ನು ನಾನು ಎರಡೆರಡು ಸಲ ಬರೆದಿದ್ದೇನೆ. ಒಂದು ಸಲ ಸಂಬಳಕ್ಕೆ, ಇನ್ನೊಂದು ಸಲ ನನ್ನ ದಡ್ಡತನಕ್ಕೆ. ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಇನ್ನೊಬ್ಬರ ಲೆಕ್ಕ ನೋಡುವವರು ನಮ್ಮ ಡೊಂಬಿವಲಿ, ಠಾಣೆ ಕಡೆ ಬಹಳ ಜನ ಇದ್ದೀರಿ. ನಿಮಗೆ ಹೀಗಾಗದಿರಲಿ ಎಂದು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ನಾನು ಮೂರು ಸಣ್ಣ ಹೋಟೆಲುಗಳ ಲೆಕ್ಕ ಬರೆಯುತ್ತೇನೆ. ಹಾಲ್‌ನ ಮೂಲೆಯಲ್ಲಿ ಒಂದು ಡೆಸ್ಕ್‌ಟಾಪ್, ಅದರಲ್ಲಿ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್, ಪಕ್ಕದಲ್ಲಿ ಒಂದು ಪ್ರಿಂಟರ್. ಮಗಳು ಕಾಲೇಜಿನ ಕಾಗದಗಳನ್ನು ತನ್ನ ಲ್ಯಾಪ್‌ಟಾಪಿನಿಂದ ಅದೇ ಪ್ರಿಂಟರಿಗೆ ಕಳಿಸುತ್ತಾಳೆ. ಇಷ್ಟೇ ನಮ್ಮ ಸಂಸಾರ. ವರ್ಷಗಟ್ಟಲೆ ಯಾವ ತೊಂದರೆಯೂ ಇರಲಿಲ್ಲ.

ಏಪ್ರಿಲ್‌ನಲ್ಲಿ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಠಾಣೆಯಿಂದ ಬಂದಿದ್ದ ಭಾವ ಪ್ರಸಾದ ತಿನ್ನುತ್ತಾ ನನ್ನ ಕಂಪ್ಯೂಟರ್ ನೋಡಿ, "ವಿಂಡೋಸ್ ಜೊತೆ ಬರೋ ಫೈರ್‌ವಾಲ್ ಸುಮ್ನೆ ಹೆಸರಿಗಮ್ಮ. ಬೇರೆ ಯಾವುದಾದರೂ ಹಾಕಿಸು. ಲೆಕ್ಕಪತ್ರ ಎಲ್ಲಾ ಇದರಲ್ಲೇ ಇದೆ ಅಲ್ವಾ?" ಎಂದರು. ಫೈರ್‌ವಾಲ್ ಅಂದರೆ ಕಂಪ್ಯೂಟರಿಗೂ ಇಂಟರ್ನೆಟ್ಟಿಗೂ ನಡುವೆ ನಿಂತು, ಯಾವುದು ಬರಬಹುದು, ಯಾವುದು ಹೋಗಬಹುದು ಎಂದು ನೋಡುವ ಕಾವಲುಗಾರ. ಭಾವ ಹೇಳಿದ್ದು ಸುಳ್ಳಲ್ಲ, ಆದರೆ ಇಪ್ಪತ್ತು ವರ್ಷ ಹಳೆಯ ಮಾತು. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಬಂದಾಗ ಅದರ ಫೈರ್‌ವಾಲ್ ಆಫ್ ಆಗಿಯೇ ಬರುತ್ತಿತ್ತು. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ವರ್ಮ್ (ತಾನಾಗಿಯೇ ಹರಡುವ ವೈರಸ್) ಬಂದಾಗ ಇಂಟರ್ನೆಟ್ಟಿಗೆ ತಂತಿ ಸಿಕ್ಕಿಸಿದ ಕಂಪ್ಯೂಟರುಗಳು ತಮ್ಮಷ್ಟಕ್ಕೆ ಆಫ್ ಆಗಿ ಆನ್ ಆಗುತ್ತಿದ್ದವು. ಆಮೇಲೆ 2004ರಲ್ಲಿ ಎಕ್ಸ್‌ಪಿಗೆ ಸರ್ವಿಸ್ ಪ್ಯಾಕ್ 2 ಎಂಬ ದೊಡ್ಡ ಅಪ್‌ಡೇಟ್ ಬಂತು. ಅಲ್ಲಿಂದ ಫೈರ್‌ವಾಲ್ ಮೊದಲೇ ಆನ್ ಆಗಿರುತ್ತದೆ. ಎಕ್ಸ್‌ಪಿಯದ್ದು ಒಳಗೆ ಬರುವುದನ್ನು ಮಾತ್ರ ತಡೆಯುತ್ತಿತ್ತು. ಅದರ ನಂತರ ಬಂದ ವಿಂಡೋಸ್ ವಿಸ್ತಾದಿಂದ ಈಚೆಗೆ ಹೊರಗೆ ಹೋಗುವುದನ್ನೂ ತಡೆಯುವ ಶಕ್ತಿ ಅದಕ್ಕಿದೆ. ಇದೆಲ್ಲ ನನಗೆ ಗೊತ್ತಾಗಿದ್ದು ಮನೆ ಮುಳುಗಿದ ಮೇಲೆ.

ಆ ರಾತ್ರಿಯೇ ಉಚಿತ ಫೈರ್‌ವಾಲ್ ಎಂದು ಹುಡುಕಿದೆ. ಮೊದಲು ಬಂದದ್ದನ್ನು ಒತ್ತಿದೆ. ಅದು ಜಾಹೀರಾತು ಎಂದು ಮೇಲೆ ಸಣ್ಣ ಅಕ್ಷರದಲ್ಲಿ ಇತ್ತು, ನಾನು ನೋಡಲಿಲ್ಲ. ತಯಾರಿಸಿದ ಕಂಪನಿಯ ಸೈಟ್ ಕೂಡ ಅಲ್ಲ, ನೂರೆಂಟು ಸಾಫ್ಟ್‌ವೇರ್ ಒಂದೇ ಕಡೆ ಹಂಚುವ ಸೈಟ್ ಅದು. ಫೈರ್‌ವಾಲ್ ಜೊತೆ ಒಂದು ಟೂಲ್‌ಬಾರ್, ಒಂದು ಪಿಸಿ ಕ್ಲೀನರ್ ಕೂಡ ಬಂದು ಕೂತವು. ಉಚಿತ ಎಂದದ್ದು 30 ದಿನಕ್ಕೆ ಮಾತ್ರ ಎಂದು ಇನ್‌ಸ್ಟಾಲ್ ಮುಗಿದ ಮೇಲೆ ತಿಳಿಯಿತು.

ಮರುದಿನದಿಂದ ಕಾಟ ಶುರು. ಎರಡು ನಿಮಿಷಕ್ಕೊಂದು ಪಾಪ್-ಅಪ್. ಈ ಪ್ರೋಗ್ರಾಮ್ ಇಂಟರ್ನೆಟ್ಟಿಗೆ ಹೋಗುತ್ತಿದೆ, ಬಿಡಬೇಕೇ ಬೇಡವೇ? ಆ ಪ್ರೋಗ್ರಾಮುಗಳ ಹೆಸರು ನಾನು ಜನ್ಮದಲ್ಲಿ ಕೇಳಿದ್ದಲ್ಲ. ಎಸ್‌ವಿಸಿ‌ಹೋಸ್ಟ್ ಎಂಬುದು ಪದೇ ಪದೇ ಕೇಳುತ್ತಿತ್ತು. ಹೆಸರೇ ಕಳ್ಳನ ಹಾಗಿದೆ ಎಂದು ‘ಬೇಡ’ ಒತ್ತಿದೆ. ಅಷ್ಟೇ, ಒಂದು ಸೈಟೂ ತೆರೆಯಲಿಲ್ಲ. ಅದು ವಿಂಡೋಸ್‌ನದ್ದೇ ಆಳು. ಸೈಟಿನ ಹೆಸರು ಕೊಟ್ಟರೆ ವಿಳಾಸ ಹುಡುಕಿ ತರುವ ಕೆಲಸವೂ ಅದರೊಳಗೇ ನಡೆಯುತ್ತದೆ. ಅದನ್ನು ತಡೆದರೆ ಇಂಟರ್ನೆಟ್ಟೇ ಇಲ್ಲ. ಆ ದಿನ ಜಿಎಸ್‌ಟಿ ಪೋರ್ಟಲ್ಲಿಗಾಗಿ ಒಂದು ಗಂಟೆ ಒದ್ದಾಡಿದೆ. ಅಂದಿನಿಂದ ನನ್ನದು ಒಂದೇ ಉತ್ತರ: ಬಿಡು, ಬಿಡು, ಬಿಡು.

ನಮ್ಮ ಸೊಸೈಟಿಯ ವಾಚ್‌ಮನ್ ಇಂಟರ್‌ಕಾಮ್‌ನಲ್ಲಿ "ಕೋಯೀ ಆಯಾ ಹೈ" ಎಂದರೆ, ಒಲೆ ಮೇಲೆ ಒಗ್ಗರಣೆ ಇರುವ ಹೊತ್ತಿಗೆ ಯಾರು ಏನು ಎಂದು ಕೇಳದೆ "ಭೇಜೋ ಭೇಜೋ" ಅನ್ನುತ್ತೇವಲ್ಲ, ಅದೇ ಕತೆ. ಇದರ ಮೇಲೆ, ಸಂಜೆಯಾದರೆ ಇಂದು ಇಷ್ಟು ನೂರು ದಾಳಿ ತಡೆದೆ ಎಂದು ಆ ಫೈರ್‌ವಾಲಿನ ಜಂಬ ಬೇರೆ. ಇಂಟರ್ನೆಟ್ಟಿನಲ್ಲಿ ಯಾರ್ಯಾರೋ ಎಲ್ಲರ ಬಾಗಿಲನ್ನೂ ಇಡೀ ದಿನ ತಟ್ಟುತ್ತಲೇ ಇರುತ್ತಾರೆ. ಮನೆಗೆಲ್ಲ ಇಂಟರ್ನೆಟ್ ಹಂಚುವ ರೂಟರ್ ಅದನ್ನು ಸದ್ದಿಲ್ಲದೆ ಕೈಬಿಡುತ್ತದೆ. ಮನೆಯೊಳಗಿನ ಪ್ರಿಂಟರ್, ಟಿವಿ ಒಂದನ್ನೊಂದು ಹುಡುಕುವುದನ್ನೂ ಇದು ದಾಳಿ ಎಂದೇ ಎಣಿಸುತ್ತಿತ್ತು. ನಾನು ಆ ಅಂಕಿ ನೋಡಿ ಸಮಾಧಾನದಿಂದ ಮಲಗುತ್ತಿದ್ದೆ.

ಮೇ ತಿಂಗಳಲ್ಲಿ ಮಗಳ ಲ್ಯಾಪ್‌ಟಾಪಿನಿಂದ ಪ್ರಿಂಟ್ ಬರುವುದು ನಿಂತಿತು. ಸ್ಟೇಷನ್ ಹತ್ತಿರದ ಒಬ್ಬ ರಿಪೇರಿಯವನನ್ನು ಕರೆಸಿದೆ. ಒಳ್ಳೆಯ ಹುಡುಗನೇ. "ವಹಿನಿ, ಟೆನ್ಶನ್ ಘೇಊ ನಕಾ" ಎಂದು ಹತ್ತು ನಿಮಿಷದಲ್ಲಿ ಸರಿಮಾಡಿದ. ಹೇಗೆ? ಆ ಹೊಸ ಫೈರ್‌ವಾಲನ್ನು ಆಫ್ ಮಾಡಿದ. ಆಗಲೂ ಪ್ರಿಂಟ್ ಬರಲಿಲ್ಲ, ವಿಂಡೋಸ್‌ನದ್ದನ್ನೂ ಆಫ್ ಮಾಡಿದ. ನಿಜವಾಗಿ ಬೇಕಿದ್ದದ್ದು ಒಂದೇ ಕ್ಲಿಕ್. ನಮ್ಮ ಮನೆಯ ವೈ-ಫೈ ‘ಪಬ್ಲಿಕ್’ ಎಂದು ಗುರುತಾಗಿತ್ತು. ಅದನ್ನು ‘ಪ್ರೈವೇಟ್’ ಮಾಡಿ, ಹಂಚಿಕೊಂಡ ಪ್ರಿಂಟರಿಗೆ ಅನುಮತಿ ಕೊಟ್ಟಿದ್ದರೆ ಮುಗಿಯುತ್ತಿತ್ತು. ಅವನು 300 ರೂಪಾಯಿ ತೆಗೆದುಕೊಂಡ. ಪ್ರಿಂಟ್ ಬಂತಲ್ಲ ಎಂದು ನಾನು ಚಹಾ ಕೂಡ ಕೊಟ್ಟೆ.

ಚಹಾ ಕುಡಿಯುವಾಗ ನಾನೇ ಹೊಸ ಕೆಲಸ ಹಚ್ಚಿದೆ. ವಾರಕ್ಕೆ ಎರಡು ದಿನ ಮಾಟುಂಗಾಕ್ಕೆ ಹೋಗುತ್ತೇನೆ. ಡೊಂಬಿವಲಿಯಿಂದ ಸೆಂಟ್ರಲ್ ಲೈನ್‌ನಲ್ಲಿ ಬೆಳಗಿನ ಹೊತ್ತು ಹೋಗುವುದು ಏನು ಎಂದು ಗೊತ್ತಿರುವವರಿಗೆ ಹೇಳಬೇಕಿಲ್ಲ. ಅಲ್ಲಿ ಕೂತು ಮನೆಯ ಟ್ಯಾಲಿ ತೆರೆಯಲು ಆಗುತ್ತದೆಯೇ ಎಂದು ಕೇಳಿದೆ. ಆಗುತ್ತದೆ ಎಂದ. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ (ದೂರದಿಂದಲೇ ಕಂಪ್ಯೂಟರ್ ನಡೆಸುವ ಸೌಲಭ್ಯ) ಆನ್ ಮಾಡಿದ. ರೂಟರಿನಲ್ಲಿ ಅದು ಬಳಸುವ 3389 ಎಂಬ ಪೋರ್ಟನ್ನು, ಅಂದರೆ ಆ ನಂಬರಿನ ಬಾಗಿಲನ್ನು, ನೇರ ನನ್ನ ಕಂಪ್ಯೂಟರಿಗೆ ತಿರುಗಿಸಿದ. ‘ಅಡ್ಮಿನ್’ ಎಂದು ಒಂದು ಯೂಸರ್ ಮಾಡಿ, ಪಾಸ್‌ವರ್ಡಿಗೆ ಅದೇ ಹೆಸರಿನ ಮುಂದೆ 123 ಸೇರಿಸಿದ. ನೆನಪಿರಲಿ ಎಂದು!

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಡೆಯ ಕೇಬಲ್ ಇಂಟರ್ನೆಟ್ಟಿನವರು ಸಾಮಾನ್ಯವಾಗಿ ಎಷ್ಟೋ ಮನೆಗಳಿಗೆ ಸೇರಿಸಿ ಹೊರಗೆ ಒಂದೇ ಇಂಟರ್ನೆಟ್ ವಿಳಾಸ (ಐಪಿ) ಕೊಟ್ಟಿರುತ್ತಾರೆ. ಹಾಗಿದ್ದಾಗ ಹೊರಗಿನವರು ನೇರವಾಗಿ ನಿಮ್ಮ ರೂಟರ್ ತನಕ ಬರಲು ಆಗುವುದಿಲ್ಲ. ಅದು ಅವರು ವಿಳಾಸ ಉಳಿಸಲು ಮಾಡಿದ್ದು, ಆದರೆ ನಮಗೆ ಪುಕ್ಕಟೆ ರಕ್ಷಣೆ. ರಿಪೇರಿಯವನಿಗೆ ಅದು ಅಡ್ಡ ಬಂತು. ಕೇಬಲ್‌ನವನಿಗೆ ಫೋನ್ ಮಾಡಿಸಿ ನನಗೇ ಬೇರೆ ಸ್ಟ್ಯಾಟಿಕ್ ಐಪಿ (ಬದಲಾಗದ, ನನ್ನೊಬ್ಬಳದ್ದೇ ವಿಳಾಸ) ಹಾಕಿಸಿದ. ಅಂದರೆ ಇದ್ದ ಗೋಡೆಯನ್ನು ತಿಂಗಳು ತಿಂಗಳು ದುಡ್ಡು ಕೊಟ್ಟು ತೆಗೆಸಿದವಳು ನಾನು.

ಮೇ ಮುಗಿಯುವ ಹೊತ್ತಿಗೆ 30 ದಿನದ ಫೈರ್‌ವಾಲ್ ಅವಧಿ ಯಾವಾಗಲೋ ಮುಗಿದಿತ್ತು. ನೋಟಿಸ್ ಬರುತ್ತಿತ್ತು, ದುಡ್ಡು ಕೇಳುತ್ತಿದೆ ಎಂದು ಮುಚ್ಚುತ್ತಿದ್ದೆ. ಪಾಪ್-ಅಪ್ ನಿಂತಿತಲ್ಲ ಎಂದು ಖುಷಿಯೇ ಆಗಿತ್ತು.

ಆಗಸ್ಟ್ ಮೊದಲ ವಾರ, ಧೋ ಮಳೆ. ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕೂತರೆ ಟ್ಯಾಲಿ ಕಂಪನಿಯನ್ನೇ ತೋರಿಸುತ್ತಿಲ್ಲ. ಫೋಲ್ಡರ್ ತೆರೆದೆ. ಪ್ರತಿ ಫೈಲಿನ ಹೆಸರಿಗೆ ಅರ್ಥವಿಲ್ಲದ ಬಾಲ ಅಂಟಿಕೊಂಡಿದೆ. ಮಗಳ ಮುಂಜಿಯ ಫೋಟೋ ಅಲ್ಲ, ತಪ್ಪಿತು, ಅಣ್ಣನ ಮಗನ ಮುಂಜಿಯ ಫೋಟೋಗಳಿಗೂ ಅದೇ ಬಾಲ. ಕೈ ನಡುಗಿದ್ದು ಬರೆಯುವಾಗಲೂ ನೆನಪಾಗುತ್ತದೆ ನೋಡಿ. ಡೆಸ್ಕ್‌ಟಾಪಿನ ಮೇಲೆ ಒಂದು ಟೆಕ್ಸ್ಟ್ ಫೈಲ್: ಬಿಟ್‌ಕಾಯಿನ್ ಕೊಟ್ಟರೆ ಬೀಗ ತೆಗೆಯುತ್ತೇವೆ. ಬ್ಯಾಕಪ್ ಇಟ್ಟಿದ್ದ ಡಿ ಡ್ರೈವ್ ಕೂಡ ಹೋಗಿತ್ತು. ಅದೇ ಡಬ್ಬದೊಳಗೆ ಇದ್ದರೆ ಉಳಿಯುವುದಾದರೂ ಹೇಗೆ? ಕಪಾಟಿನಲ್ಲಿ ಅರಿಶಿನ ಕುಂಕುಮದ ಡಬ್ಬಿ ಪಕ್ಕ ಒಂದು ಪೆನ್‌ಡ್ರೈವ್ ಇತ್ತು. ಅದರಲ್ಲಿ ಮೇ ಕೊನೆಯವರೆಗಿನ ಲೆಕ್ಕ. ಅದೊಂದು ಬದುಕಿಸಿತು. ಮಗಳ ಲ್ಯಾಪ್‌ಟಾಪಿಗೆ ಏನೂ ಆಗಿರಲಿಲ್ಲ. ಅದರಲ್ಲಿ ವಿಂಡೋಸ್‌ನ ಫೈರ್‌ವಾಲ್ ಆನ್ ಇತ್ತು, ಯಾವ ಫೋಲ್ಡರನ್ನೂ ಹಂಚಿರಲಿಲ್ಲ.

ಪುಣೆಯಲ್ಲಿ ಕೆಲಸ ಮಾಡುವ ನಾದಿನಿಯ ಮಗ ಶನಿವಾರ ಬಂದು ನೋಡಿದ. ಇವೆಂಟ್ ವ್ಯೂವರ್ ಎಂಬುದನ್ನು ತೆರೆದು ತೋರಿಸಿದ. 4625 ಎಂಬ ನಂಬರ್, ಸಾಲು ಸಾಲು, ಕೆಲವು ಸೆಕೆಂಡಿಗೊಂದು. ತಪ್ಪು ಪಾಸ್‌ವರ್ಡ್ ಹಾಕಿ ಒಳಗೆ ಬರಲು ನೋಡಿದ ಪ್ರತಿ ಸಲಕ್ಕೂ ವಿಂಡೋಸ್ ಬರೆದಿಡುವ ಗುರುತು ಅದು. ಕೊನೆಗೆ 4624. ಒಳಗೆ ಬಂದದ್ದಕ್ಕೆ ಆ ನಂಬರ್. "ಅತ್ತೆ, ಇದು ಮನುಷ್ಯ ಕೂತು ಮಾಡಿದ್ದಲ್ಲ, ಮಷೀನು ಒಂದೊಂದೇ ಪಾಸ್‌ವರ್ಡ್ ಹಾಕಿ ನೋಡಿದೆ. ಅಡ್ಮಿನ್ 123 ಎಲ್ಲಾ ಮೊದಲನೇ ಪುಟದಲ್ಲೇ ಇರುತ್ತೆ" ಎಂದ. ಇಷ್ಟು ಸಲ ತಪ್ಪಿದರೆ ಸ್ವಲ್ಪ ಹೊತ್ತು ಬಾಗಿಲು ಮುಚ್ಚುವ ಏರ್ಪಾಡು ವಿಂಡೋಸ್‌ನಲ್ಲೇ ಇದೆ. ನನ್ನದರಲ್ಲಿ ಅದು ಆನ್ ಇರಲಿಲ್ಲ.

ನಾನು ಫೈರ್‌ವಾಲ್ ಆಫ್ ಮಾಡಿದ ರಿಪೇರಿಯವನನ್ನು ಬೈಯುತ್ತಿದ್ದೆ. ನಾದಿನಿಯ ಮಗ ತಡೆದ. ಫೈರ್‌ವಾಲ್ ಆನ್ ಇದ್ದಿದ್ದರೂ ಈ ಕಳ್ಳ ಬರುತ್ತಿದ್ದ ಎಂದ. ಯಾಕೆಂದರೆ ರಿಮೋಟ್ ಡೆಸ್ಕ್‌ಟಾಪ್ ಆನ್ ಮಾಡಿದ ಕೂಡಲೇ ವಿಂಡೋಸ್ ತಾನೇ ಆ ಬಾಗಿಲಿಗೆ ಫೈರ್‌ವಾಲಿನಲ್ಲಿ ಅನುಮತಿ ಬರೆದುಬಿಡುತ್ತದೆ. ಆ ನಿಯಮದೊಳಗೆ ಹೋಗಿ, ಹೋಟೆಲಿನ ವಿಳಾಸದಿಂದ ಮಾತ್ರ ಬರಲಿ ಎಂದು ಬರೆದಿದ್ದರೆ ತಡೆಯುತ್ತಿತ್ತು. ಅದನ್ನು ಯಾರೂ ಬರೆದಿರಲಿಲ್ಲ. ಯಾವ ಫೈರ್‌ವಾಲ್ ಒಳ್ಳೆಯದು ಎಂದು ನಾಲ್ಕು ತಿಂಗಳು ತಲೆ ಕೆಡಿಸಿಕೊಂಡಿದ್ದ ನಾನು, ಯಾವ ಬಾಗಿಲು ತೆರೆದಿದೆ ಎಂದು ಒಂದು ದಿನವೂ ಕೇಳಿರಲಿಲ್ಲ.

ದುಡ್ಡು ಕೊಡಲಿಲ್ಲ. ಸರ್ಕಾರದ ಸೈಬರ್‌ಕ್ರೈಮ್ ಪೋರ್ಟಲ್‌ನಲ್ಲಿ ದೂರು ಹಾಕಿದೆವು. (ಬ್ಯಾಂಕಿನಿಂದ ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.) ಯುರೋಪಿನ ಪೊಲೀಸರು ಸೇರಿ 2016ರಲ್ಲಿ ಶುರುಮಾಡಿದ ‘ನೋ ಮೋರ್ ರ‍್ಯಾನ್ಸಮ್’ ಎಂಬ ಸೈಟಿದೆ. ಕೆಲವು ಬೀಗಗಳಿಗೆ ಅಲ್ಲಿ ಪುಕ್ಕಟೆ ಕೀಲಿ ಸಿಗುತ್ತದೆ. ನನ್ನದಕ್ಕೆ ಸಿಗಲಿಲ್ಲ. ಡಿಸ್ಕ್ ಪೂರ್ತಿ ಒರೆಸಿ ವಿಂಡೋಸ್ ಹೊಸದಾಗಿ ಹಾಕಿದೆವು. ಹೋಟೆಲಿನ ಧಣಿಗಳಿಗೆ ಹೇಳುವುದೇ ಕಷ್ಟವಾಯಿತು. ಅವರು ಬೈಯಲಿಲ್ಲ, "ಬಿಲ್ ಬುಕ್ ಇದೆಯಲ್ಲ ಅಕ್ಕ, ನಿಧಾನಕ್ಕೆ ಬರೆಯಿರಿ" ಎಂದರು. ನಿಧಾನಕ್ಕೆ ಎಲ್ಲಿ, 20ನೇ ತಾರೀಕು ಜಿಎಸ್‌ಟಿ ರಿಟರ್ನ್ ಇತ್ತು. ರಾತ್ರಿ ಎರಡರವರೆಗೆ ಇಡ್ಲಿ ವಡೆಯ ಬಿಲ್ ಬರೆದಿದ್ದೇನೆ.

ಈಗ ಹೇಗಿದೆ ಹೇಳುತ್ತೇನೆ. ಬೇರೆ ಫೈರ್‌ವಾಲ್ ಇಲ್ಲ, ವಿಂಡೋಸ್‌ನದ್ದೇ. ನಿಮ್ಮದು ನೋಡಬೇಕಾದರೆ ಸ್ಟಾರ್ಟ್ ಒತ್ತಿ ವಿಂಡೋಸ್ ಸೆಕ್ಯುರಿಟಿ ತೆರೆಯಿರಿ, ಫೈರ್‌ವಾಲ್ ಎಂದಿರುವಲ್ಲಿ ಹೋಗಿ. ಡೊಮೇನ್, ಪ್ರೈವೇಟ್, ಪಬ್ಲಿಕ್ ಎಂದು ಮೂರು ಸಾಲು. ಮೂರೂ ಆನ್ ಇರಬೇಕು. ಬೇರೆ ಫೈರ್‌ವಾಲ್ ಹಾಕಿ ತೆಗೆದವರು ಇವತ್ತೇ ನೋಡಿ, ತೆಗೆದ ಮೇಲೆ ವಿಂಡೋಸ್‌ನದ್ದು ಆಫ್ ಆಗಿಯೇ ಉಳಿದಿರಬಹುದು. ಮನೆಯ ವೈ-ಫೈ ಪ್ರೈವೇಟ್. ಸ್ಟೇಷನ್ನಿನದ್ದು, ಹೋಟೆಲಿನದ್ದು ಯಾವಾಗಲೂ ಪಬ್ಲಿಕ್. ನೀವಾಗಿ ಏನೂ ತೆರೆಯದಿದ್ದಾಗ ಅನುಮತಿ ಕೇಳುವ ಕಿಟಕಿ ಬಂದರೆ ಕ್ಯಾನ್ಸಲ್ ಒತ್ತಿ.

ಹೊರಗೆ ಹೋಗುವುದನ್ನೂ ತಡೆಯಲೇಬೇಕು ಎನ್ನುವವರಿಗೆ ಟೈನಿವಾಲ್ ತರಹದ್ದು ಇದೆ. ಅದು ಪಾಪ್-ಅಪ್ ಹಾಕಿ ಪೀಡಿಸುವುದಿಲ್ಲ, ನಾವೇ ಹೋಗಿ ಒಪ್ಪಿಗೆ ಕೊಡಬೇಕು. ನನಗೆ ಅದೂ ಬೇಡ ಅನ್ನಿಸಿತು. ಏನೇ ಹಾಕಿದರೂ ತಯಾರಿಸಿದವರ ಸೈಟಿನಿಂದಲೇ ಇಳಿಸಿ, ಎರಡು ಫೈರ್‌ವಾಲ್ ಒಟ್ಟಿಗೆ ಇಡಬೇಡಿ. ವಿಂಡೋಸ್ ಅಪ್‌ಡೇಟ್ ಮುಂದೂಡುವವರು 2017ರಲ್ಲಿ ಹೀಗೇ ಫೈಲುಗಳಿಗೆ ಬೀಗ ಹಾಕಿದ ವಾನಾಕ್ರೈ ನೆನಪಿಸಿಕೊಳ್ಳಿ. ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ ತೇಪೆ ಕೊಟ್ಟಿತ್ತು.

ಫೈರ್‌ವಾಲ್‌ಗಿಂತ ಜಾಸ್ತಿ ಹೊತ್ತು ಹಿಡಿದದ್ದು ರೂಟರ್. ಅದರ ಪಾಸ್‌ವರ್ಡ್ ಕಂಪನಿಯಿಂದ ಬಂದದ್ದೇ ಇತ್ತು, ಬದಲಾಯಿಸಿದೆವು. ಪೋರ್ಟ್ ಫಾರ್ವರ್ಡಿಂಗ್ ಪಟ್ಟಿ, ಅಂದರೆ ಒಳಗೆ ತಿರುಗಿಸಿಟ್ಟ ಪೋರ್ಟುಗಳ ಪಟ್ಟಿ, ಖಾಲಿ ಮಾಡಿದೆವು. ಯುಪಿಎನ್‌ಪಿ ಎಂಬುದು ಆನ್ ಇತ್ತು. ಮನೆಯೊಳಗಿನ ಯಾವ ಪ್ರೋಗ್ರಾಮ್ ಕೇಳಿದರೂ ನಮ್ಮನ್ನು ಕೇಳದೆ ಪೋರ್ಟ್ ತೆರೆದುಕೊಡುವ ಸೌಲಭ್ಯ ಅದು, ಅದನ್ನೂ ಆಫ್ ಮಾಡಿದೆವು. ರಿಮೋಟ್ ಡೆಸ್ಕ್‌ಟಾಪ್ ಇಲ್ಲ. ಹೊರಗಿನಿಂದ ಬರಲೇಬೇಕು ಎಂದರೆ ವಿಪಿಎನ್ ಎಂಬ ಗುಟ್ಟಿನ ಸುರಂಗದ ಮೂಲಕ ಬರಬೇಕಂತೆ. ನಾನು ಬ್ಯಾಗಿನಲ್ಲಿ ಪೆನ್‌ಡ್ರೈವ್ ಹಾಕಿಕೊಂಡು ಲೋಕಲ್ ಹತ್ತುತ್ತೇನೆ. ಇನ್ನೊಂದು ಪೆನ್‌ಡ್ರೈವ್ ಕುಂಕುಮದ ಡಬ್ಬಿ ಪಕ್ಕದಲ್ಲೇ ಇದೆ, ಪ್ರತಿ ಶುಕ್ರವಾರ ಲೆಕ್ಕ ತುಂಬಿಸಿ ಕಿತ್ತಿಡುತ್ತೇನೆ.

ಸ್ಟ್ಯಾಟಿಕ್ ಐಪಿ ಬೇಡ, ಮೊದಲಿನ ಹಾಗೇ ಮಾಡಿಕೊಡು ಎಂದು ಕೇಬಲ್‌ನವನಿಗೆ ಫೋನ್ ಮಾಡಿದೆ. "ಯಾಕೆ ವಹಿನಿ, ಇಷ್ಟು ಒಳ್ಳೇ ಪ್ಲಾನು" ಎಂದ. ಆ ತಿಂಗಳ ದುಡ್ಡು ವಾಪಸ್ ಬರುವುದಿಲ್ಲವಂತೆ.