ದೀನಬಂಧು ಗೋಬರ್ ಗ್ಯಾಸ್: ದನ ಸಾಕುವವರು ಕಟ್ಟಿಸಿಕೊಳ್ಳಿ

ಭಾಲ್ಕಿ ಹತ್ತಿರ ನಮ್ಮದು ಸಣ್ಣ ಡೈರಿ, ಜಾಸ್ತಿ ದೇವಣಿ ದನಗಳೇ. ಮಳೆಗಾಲದಲ್ಲಿ ತಿಪ್ಪೆಯ ನೀರು ಹಳ್ಳ ಸೇರುತ್ತಿತ್ತು. ಅದನ್ನು ನಿಲ್ಲಿಸಲೇಬೇಕು ಅಂತ ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡುವ ದೀನಬಂಧು (ನೆಲದೊಳಗೆ ಗುಮ್ಮಟದಂತೆ ಕಟ್ಟುವ ಮಾದರಿ) ಗೋಬರ್ ಗ್ಯಾಸ್ ಕಟ್ಟಿಸಿದೆವು. ತುಂಬಾ ಖುಷಿಯಾಗಿದೆ.

ದಿನಕ್ಕೆ ಸುಮಾರು 50 ಕೆ.ಜಿ. ಸಗಣಿ, ಅಷ್ಟೇ ನೀರು ಬೇಕು. ಕಲಸುವಾಗ ಹುಲ್ಲು, ಕಡ್ಡಿ, ಕಲ್ಲು ಕೈಯಿಂದಲೇ ಆರಿಸಿ ತೆಗೆಯಿರಿ. ಇಲ್ಲದಿದ್ದರೆ ಒಳಗೆ ಮೇಲ್ಪದರ ಗಟ್ಟಿಯಾಗಿ ಗ್ಯಾಸ್ ಕಡಿಮೆಯಾಗುತ್ತದೆ. ಹೊರಬರುವ ಬಗ್ಗಡಕ್ಕೆ ಹಸಿ ಸಗಣಿಯಷ್ಟು ನಾತವಿಲ್ಲ, ನೊಣವೂ ಕಡಿಮೆ. ತೊಗರಿ ಹೊಲಕ್ಕೆ ಅದೇ ಗೊಬ್ಬರ.

ಮೇಸ್ತ್ರಿ ಗುಮ್ಮಟದ ಗಿಲಾವು ಚೊಕ್ಕವಾಗಿ ಮಾಡಿದರು, ಎಲ್ಲೂ ಸೋರಿಕೆ ಇಲ್ಲ. ಆದರೆ ಹೊರಗುಂಡಿಗೆ ಚಪ್ಪಡಿ ಮುಚ್ಚದೆ ಹೋದರು! ಮಕ್ಕಳು ಓಡಾಡುವ ಜಾಗ ಅದು. ಚಪ್ಪಡಿ ಹಾಕುವ ತನಕ ಪೂರ್ತಿ ದುಡ್ಡು ಕೊಡಬೇಡಿ.

ಇನ್ನೊಂದು ಮಾತು. ಅಮೆರಿಕದ ಅಯೋವಾ ರಾಜ್ಯದಲ್ಲಿ ದನದ ಫಾರ್ಮಿನ ಗೊಬ್ಬರ ಗುಂಡಿಯಂಥ, ಮಾಲಿನ್ಯ ತಡೆಯುವ ಕಟ್ಟಡಗಳಿಗೆ ಆಸ್ತಿ ತೆರಿಗೆ ವಿನಾಯಿತಿ ಇದೆ. ಅರ್ಜಿ ಹಾಕಿ ಪಡೆಯಬೇಕು. ಊರಿನ ನೀರು ಉಳಿಸುವ ಗುಂಡಿಗೆ ತೆರಿಗೆ ಯಾಕೆ, ಅಲ್ವಾ? ನಮ್ಮ ಬೀದರ್ ಕಡೆಯ ಪಂಚಾಯಿತಿಗಳಲ್ಲೂ ಹೈನುಗಾರರು ಇದನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಕೇಳಬೇಕು. ನಾನಂತೂ ಕೇಳುತ್ತೇನೆ.