ರಾತ್ರಿ ನಿಲ್ಲಿಸಿದ ಬೈಕು, ಬೆಳಗ್ಗೆ ಬ್ಯಾಟರಿ ಡೌನ್: ಅಗ್ಗದ ಮಲ್ಟಿಮೀಟರ್ ಬಹುಕಾಲ ಬಳಸಿದ ಮೇಲೆ

ಬೈಕ್ ಇರುವ ಮನೆಯಲ್ಲಿ ವೋಲ್ಟೇಜ್, ಕರೆಂಟ್ ಅಳೆಯುವ ಒಂದು ಡಿಜಿಟಲ್ ಮಲ್ಟಿಮೀಟರ್ ಇರಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಾನು ಹೇಳುತ್ತಿರುವುದು ಡಿಟಿ-830ಡಿ ಮಾದರಿಯದ್ದು. ನಡುವೆ ದೊಡ್ಡ ತಿರುಗಣೆ, ಕೆಳಗೆ ಮೂರು ತೂತು, ಒಂದು ಕೆಂಪು ವೈರು, ಒಂದು ಕಪ್ಪು ವೈರು. ಎಷ್ಟೋ ಹೆಸರಿನಲ್ಲಿ ಇದೇ ಮೀಟರ್ ಸಿಗುತ್ತದೆ. ರಾಯಚೂರಿನ ತೀನ್ ಕಂದೀಲ್ ಹತ್ತಿರದ ಅಂಗಡಿಯಲ್ಲಿ ತಂದಾಗ ಮುನ್ನೂರು ರೂಪಾಯಿಯೂ ಆಗಲಿಲ್ಲ. ವರ್ಷಗಳಿಂದ ಕೈಯಲ್ಲಿದೆ, ಹಾಗಾಗಿ ಅದರ ಒಳ್ಳೆಯದು ಕೆಟ್ಟದ್ದು ಎರಡೂ ಗೊತ್ತು.

ತಂದದ್ದು ನನ್ನ 125 ಸಿಸಿ ಬೈಕಿನ ಕಾಟಕ್ಕೆ. ಸಂಜೆ ಶಕ್ತಿನಗರದಿಂದ ಡ್ಯೂಟಿ ಮುಗಿಸಿ ಬರುವಾಗ ಎಲ್ಲ ಸರಿ ಇರುತ್ತಿತ್ತು. ಬೆಳಗ್ಗೆ ಸೆಲ್ಫ್ ಒತ್ತಿದರೆ ರಿಲೇ ಟಕ್ ಟಕ್ ಅನ್ನುವುದು ಬಿಟ್ಟರೆ ಬೇರೆ ಸದ್ದಿಲ್ಲ. ಕಿಕ್ ಹೊಡೆದರೆ ಒಂದೇ ಏಟಿಗೆ ಸ್ಟಾರ್ಟ್. ಬ್ಯಾಟರಿ ಅಂಗಡಿಯವರು ನೋಡಿದ ಕೂಡಲೇ ತೀರ್ಪು ಕೊಟ್ಟರು: "ಬ್ಯಾಟರಿ ಹೋಗ್ಯಾದ್ರಿ ಅಣ್ಣಾ, ಹೊಸಾದು ಹಾಕ್ಸಿಬಿಡ್ರಿ." ಹೊಸದು ಬಂತು. ಕೆಲವೇ ದಿನಗಳಲ್ಲಿ ಅದೂ ಹಾಗೇ ಮಲಗಿತು. ಬ್ಯಾಟರಿಯಲ್ಲಿ ದೋಷ ಇಲ್ಲದಿದ್ದರೆ ಕರೆಂಟ್ ಎಲ್ಲಿಗೋ ಹೋಗುತ್ತಿದೆ ಅಂತಾಯಿತಲ್ವಾ? ಅದನ್ನು ಕಣ್ಣಲ್ಲಿ ನೋಡಿ ಹೇಳಲು ಆಗದು, ಅಳೆಯಲೇಬೇಕು.

ಮೀಟರ್ ಇಲ್ಲದವರೂ ಒಂದು ಪರೀಕ್ಷೆ ಮಾಡಬಹುದು. ರಾತ್ರಿ ಬ್ಯಾಟರಿಯ ಎರಡೂ ಟರ್ಮಿನಲ್ ಬಿಚ್ಚಿಡಿ. ಮೊದಲು ಮೈನಸ್, ಆಮೇಲೆ ಪ್ಲಸ್. ಬೆಳಗ್ಗೆ ಜೋಡಿಸುವಾಗ ಉಲ್ಟಾ, ಪ್ಲಸ್ ಮೊದಲು. ಜೋಡಿಸಿದ ಮೇಲೆ ಸೆಲ್ಫ್ ಸಲೀಸಾಗಿ ಹೊಡೆದರೆ ಬ್ಯಾಟರಿ ಗಟ್ಟಿ ಇದೆ, ಬೈಕೇ ಕರೆಂಟ್ ಎಳೆಯುತ್ತಿದೆ. ಬಿಚ್ಚಿಟ್ಟರೂ ಇಳಿದರೆ ಬ್ಯಾಟರಿಯೇ ಕೆಟ್ಟಿದೆ, ವಾರಂಟಿ ಕಾರ್ಡ್ ಹುಡುಕಿ.

ಮೀಟರ್ ಬಂದ ಮೇಲೆ ಮೊದಲು ವೋಲ್ಟೇಜ್ ನೋಡಿದೆ. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ಸುಮ್ನೆ ಇದ್ದಾಗ 12.6ರಿಂದ 12.8 ತೋರಿಸಬೇಕು. 12.2ಕ್ಕೆ ಬಂದರೆ ಅರ್ಧ ಖಾಲಿ ಅಂತ ಲೆಕ್ಕ. ನನ್ನದು ರಾತ್ರಿ 12.5, ಬೆಳಗ್ಗೆ 11.9. ಎಂಜಿನ್ ಓಡಿಸಿ ರೇಸ್ ಕೊಟ್ಟಾಗ 14.1. ಅಂದರೆ ಚಾರ್ಜಿಂಗ್ ಸರಿ ಇದೆ, ಸೋರಿಕೆ ನಿಂತಾಗ ಆಗುತ್ತಿದೆ.

ಸೋರಿಕೆ ಅಳೆಯುವುದೇ ಮುಖ್ಯ ಕೆಲಸ. ಕೀ ಆಫ್ ಮಾಡಿ, ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ. ಮೀಟರಿನ ಕೆಂಪು ವೈರನ್ನು 10 ಆಂಪ್ ತೂತಿಗೆ ಹಾಕಿ, ತಿರುಗಣೆಯನ್ನೂ 10 ಆಂಪಿಗೆ ತಿರುಗಿಸಿ. ಕೆಂಪು ಕಡ್ಡಿ ಬಿಚ್ಚಿದ ವೈರಿಗೆ, ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್‌ಗೆ. ಈಗ ಬೈಕು ಎಳೆಯುವ ಕರೆಂಟೆಲ್ಲ ಮೀಟರ್ ಮೂಲಕವೇ ಹೋಗಬೇಕು. ಈ ಹೊತ್ತಲ್ಲಿ ಕೀ ಆನ್ ಮಾಡಬೇಡಿ, ಸೆಲ್ಫ್ ಅಂತೂ ಮುಟ್ಟಲೇಬೇಡಿ. ಸ್ಟಾರ್ಟರ್ ಮೋಟಾರ್ ಹತ್ತಾರು ಆಂಪ್ ಎಳೆಯುತ್ತದೆ, ಮೀಟರ್ ಸುಟ್ಟುಹೋಗುತ್ತದೆ.

ಕೆಲವೇ ಮಿಲಿಆಂಪ್ ಇರಬೇಕಾದ ಕಡೆ ನನ್ನ ಬೈಕಿನಲ್ಲಿ 0.28 ಬಂತು. 280 ಮಿಲಿಆಂಪ್! ಹತ್ತು ತಾಸಿಗೆ 2.8 ಆಂಪ್-ಅವರ್ ಆಯಿತು. ಬ್ಯಾಟರಿಯ ಒಟ್ಟು ಸಾಮರ್ಥ್ಯ ಇರುವುದೇ 5 ಆಂಪ್-ಅವರ್. ಅರ್ಧಕ್ಕಿಂತ ಜಾಸ್ತಿ ರಾತ್ರೋರಾತ್ರಿ ಖಾಲಿ.

ಆಮೇಲೆ ಮೀಟರ್ ಹಾಗೇ ಇಟ್ಟು ಒಂದೊಂದೇ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್) ಬಿಚ್ಚುತ್ತ ಹೋದೆ. ಮೊಬೈಲ್ ಚಾರ್ಜರ್ ಸಾಕೆಟ್ ತೆಗೆದಾಗ ಅಂಕಿ ಅಲ್ಲಾಡಲಿಲ್ಲ. ಬೈಕಿನ ಸ್ಪೀಡೋಮೀಟರ್ ಕನ್ಸೋಲ್, ಅಲ್ಲಾಡಲಿಲ್ಲ. ಎಂಜಿನ್ ಕಾಯಿಲಿನ ಕರೆಂಟನ್ನು ಬ್ಯಾಟರಿ ಚಾರ್ಜ್ ಆಗುವಂತೆ ಬದಲಾಯಿಸುವ ರೆಕ್ಟಿಫೈಯರ್ ಕಪ್ಲರ್ ಎಳೆದ ಕೂಡಲೇ 0.00. ತಿರುಗಿ ಹಾಕಿದರೆ 0.28. ಮತ್ತೆ ಎಳೆದು ನೋಡಿದೆ, ಸೊನ್ನೆ. ಎಂಜಿನ್ ತಣ್ಣಗಾಗಿ ತುಂಬಾ ಹೊತ್ತಾಗಿತ್ತು, ಆದರೂ ರೆಕ್ಟಿಫೈಯರ್ ಮೈ ಮುಟ್ಟಿದರೆ ಸ್ವಲ್ಪ ಬೆಚ್ಚಗಿತ್ತು. ರಾತ್ರಿಯೆಲ್ಲ ಹೋಗುತ್ತಿದ್ದ ಕರೆಂಟ್ ಅಲ್ಲಿ ಶಾಖವಾಗುತ್ತಿತ್ತು.

ಮೆಕ್ಯಾನಿಕ್‌ಗಳು ಇದನ್ನು ತಪ್ಪಿಸಿಕೊಳ್ಳಲು ಕಾರಣ ಇದೆ. ಚಾರ್ಜಿಂಗ್ 14 ವೋಲ್ಟ್ ಬಂದರೆ ರೆಕ್ಟಿಫೈಯರ್ ಸರಿ ಇದೆ ಅಂತ ಬಿಟ್ಟುಬಿಡುತ್ತಾರೆ. ಅದರೊಳಗಿನ ಡಯೋಡ್ ಕರೆಂಟನ್ನು ಬ್ಯಾಟರಿ ಕಡೆಗೆ ಮಾತ್ರ ಬಿಡಬೇಕು. ಕೆಟ್ಟರೆ ಎಂಜಿನ್ ನಿಂತ ಮೇಲೆ ಬ್ಯಾಟರಿಯಿಂದ ಕಾಯಿಲ್ ಕಡೆಗೆ ವಾಪಸ್ ಹರಿಯುತ್ತದೆ. ಚಾರ್ಜೂ ಆಗುತ್ತದೆ, ಸೋರಿಕೆಯೂ ಆಗುತ್ತದೆ. ಬಿಸಿಯಾದಷ್ಟೂ ಈ ಸೋರಿಕೆ ಜಾಸ್ತಿ. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ನಮ್ಮ ರಾಯಚೂರಿನಲ್ಲಿ ಇದು ಸಣ್ಣ ಮಾತಲ್ಲ. ಬಿಸಿಲಿಗೆ ಬ್ಯಾಟರಿಯ ಆಯುಸ್ಸು ಮೊದಲೇ ಕಡಿಮೆ. ರೆಕ್ಟಿಫೈಯರ್ ಬದಲಾಯಿಸಿದ ಮೇಲೆ 200 ಮಿಲಿಆಂಪ್ ರೇಂಜಿಗೆ ತಂದು ನೋಡಿದೆ, 1.2 ಮಿಲಿಆಂಪ್. ಅದೇ ಬ್ಯಾಟರಿ ಇವತ್ತಿಗೂ ಓಡುತ್ತಿದೆ.

ತಮ್ಮನ ಸ್ಕೂಟರ್ ಕಥೆ ಬೇರೆ. ಅದು ಒಂದು ರಾತ್ರಿಗೆ ಇಳಿಯುತ್ತಿರಲಿಲ್ಲ, ಊರಿಗೆ ಹೋಗಿ ವಾರದ ಮೇಲೆ ಬಂದರೆ ಸತ್ತಿರುತ್ತಿತ್ತು. ಅಳೆದರೆ 18 ಮಿಲಿಆಂಪ್. ಮೊಬೈಲ್ ಚಾರ್ಜರ್ ಅನ್ನು ಯಾರೋ ನೇರ ಬ್ಯಾಟರಿಗೇ ಕೊಟ್ಟಿದ್ದರು. ಕೀ ಆನ್ ಆದಾಗ ಮಾತ್ರ ಕರೆಂಟ್ ಬರುವ ವೈರಿಗೆ ಬದಲಾಯಿಸಿದೆವು, ಮುಗೀತು. ಜಿಪಿಎಸ್, ಅಲಾರಂ, ಹೆಚ್ಚುವರಿ ಲೈಟು ಹಾಕಿಸಿದವರು ಮೊದಲು ಅವನ್ನೇ ನೋಡಿ.

ಈಗ ಮೀಟರಿನ ಕೊರತೆಗಳು. ತಾನಾಗಿ ಆಫ್ ಆಗುವುದಿಲ್ಲ, ತಿರುಗಣೆ ಆಫ್‌ಗೆ ತರದಿದ್ದರೆ ಒಳಗಿನ 9 ವೋಲ್ಟ್ ಸೆಲ್ ಮುಗಿಯುತ್ತದೆ. ಆ ಸೆಲ್ ಸೊರಗಿದರೆ ಮೀಟರ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ರಾತ್ರಿಯೆಲ್ಲ ನಿಂತ ಬ್ಯಾಟರಿ 13.6 ಅಂದಾಗಲೇ ನನಗೆ ಅನುಮಾನ ಬಂತು. ಸೆಲ್ ಬದಲಾಯಿಸಿದೆ, 12.6ಕ್ಕೆ ಇಳಿಯಿತು. ಕಡ್ಡಿಯ ಬುಡದಲ್ಲಿ ವೈರು ಬೇಗ ಮುರಿಯುತ್ತದೆ, ನನ್ನದು ಎರಡನೇ ಜೋಡಿ. ಕತ್ತಲಲ್ಲಿ ಅಂಕಿ ಕಾಣಲ್ಲ.

ಎಲ್ಲಕ್ಕಿಂತ ದೊಡ್ಡದು 10 ಆಂಪ್ ತೂತು. ಅದಕ್ಕೆ ಫ್ಯೂಸ್ ಇಲ್ಲ. ಕೆಂಪು ವೈರು ಅಲ್ಲೇ ಇದ್ದು, ಮರೆತು ವೋಲ್ಟೇಜ್ ನೋಡಲು ಎರಡೂ ಟರ್ಮಿನಲ್ ಮುಟ್ಟಿಸಿದರೆ ನೇರ ಶಾರ್ಟ್, ಕಿಡಿ ಹಾರುತ್ತದೆ. ಕರೆಂಟ್ ಅಳೆದ ಕೂಡಲೇ ಕೆಂಪು ವೈರನ್ನು ವೋಲ್ಟೇಜ್ ನೋಡುವ ನಡುವಿನ ತೂತಿಗೆ ವಾಪಸ್ ಹಾಕಿ. ಮನೆಯ 230 ವೋಲ್ಟ್ ಲೈನಿಗೆ ಈ ಅಗ್ಗದ ಮೀಟರ್ ನಾನಂತೂ ಹಚ್ಚುವುದಿಲ್ಲ, ನೀವೂ ಹಚ್ಚಬೇಡಿ.

ಬೈಕು, ಸ್ಕೂಟರಿಗೆ ಕಣ್ಣು ಮುಚ್ಚಿ ತಗೊಳ್ಳಬಹುದು. ಐದಕ್ಕೆ ನಾಲ್ಕು ಸ್ಟಾರ್. ತರುವಾಗಲೇ ಒಂದು ಜೋಡಿ ಕ್ರೊಕೊಡೈಲ್ ಕ್ಲಿಪ್ ಕೂಡ ತನ್ನಿ. ಕಡ್ಡಿ ಹಿಡಿದುಕೊಂಡೇ ಕಪ್ಲರ್ ಬಿಚ್ಚಲು ಒಬ್ಬರಿಂದ ಆಗುವುದಿಲ್ಲ.